ಕಡಲ ಪಕ್ಕ ವಯಸ್ಸಾದವರು ಕೂಡಿ ಬಾಳುವ ಮನೆಗಳು: ಇಪ್ಪತ್ತು ವರ್ಷದ ಮೇಲೂ ನಿಲ್ಲುವಂತೆ ಕಟ್ಟುವುದು ಹೇಗೆ?

ಕಡಲಂಚು

ನಾವು ಒಂದಷ್ಟು ಗೆಳೆಯರು, ಎಲ್ಲರೂ ಅರವತ್ತರ ಆಸುಪಾಸು. ಒಬ್ಬೊಬ್ಬರು ಒಂದೊಂದು ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಕೂರುವ ಬದಲು, ಸಮುದ್ರದ ಹತ್ತಿರ ಜಾಗ ತಗೊಂಡು ಇಪ್ಪತ್ತು ಚಿಕ್ಕ ಮನೆ, ಜೊತೆಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ ಕಟ್ಟೋಣ ಅಂತ ಮಾತಾಡುತ್ತಿದ್ದೇವೆ. ಆರ್ಕಿಟೆಕ್ಟ್ ಮೊದಲ ನಕ್ಷೆ ಕೊಟ್ಟಿದ್ದಾರೆ. ಸಮುದ್ರದ ಕಡೆ ಪೂರ್ತಿ ಗಾಜು, ಪ್ರವಾಹಕ್ಕೆ ಸಿಗದ ಹಾಗೆ ಕಂಬಗಳ ಮೇಲೆ ಮನೆ, ಹತ್ತಲು ಲಿಫ್ಟ್, ಮೇಲೆ ಸೋಲಾರ್. ನೋಡಲು ಚೆಂದ ಇದೆ. ಪ್ರತಿ ಹಾಳೆಯ ಮೂಲೆಯಲ್ಲೂ ‘ಪರಿಸರಸ್ನೇಹಿ’ ಅಂತ ಬರೆದಿದೆ.

ನನಗೆ ಕಾಡುವ ಪ್ರಶ್ನೆ ಒಂದೇ. ನಮಗೆ ಎಂಬತ್ತಾಗುವಾಗ ಈ ಕಟ್ಟಡಕ್ಕೆ ಇಪ್ಪತ್ತಾಗಿರುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ಯಾರು? ಕಟ್ಟಿದವರು, ಇದ್ದವರು, ರಿಪೇರಿ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಉಪ್ಪುಗಾಳಿ

ಕಡಲ ಹತ್ತಿರದ ಕಟ್ಟಡಗಳ ರಿಪೇರಿಯೇ ನನ್ನ ಕೆಲಸ. ಹಾಗಾಗಿ ನಾನು ಯಾವ ನಕ್ಷೆ ನೋಡಿದರೂ ಮೊದಲು ಕೇಳುವುದು: ಇದರಲ್ಲಿ ಕಬ್ಬಿಣ ಎಷ್ಟಿದೆ?

ಒಳ್ಳೆಯ ಕಾಂಕ್ರೀಟಿನ ಒಳಗಿರುವ ಸರಳಿಗೆ ಸಾಮಾನ್ಯವಾಗಿ ತುಕ್ಕು ಹಿಡಿಯುವುದಿಲ್ಲ. ಸಿಮೆಂಟಿನ ಕ್ಷಾರ ಅದರ ಮೇಲೆ ಒಂದು ತೆಳ್ಳನೆ ಪದರ ಕಟ್ಟಿ ಕಾಯುತ್ತದೆ. ಉಪ್ಪಿನ ಕ್ಲೋರೈಡ್ ನಿಧಾನವಾಗಿ ಒಳಗಿಳಿದು ಆ ಪದರವನ್ನು ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಕಾಂಕ್ರೀಟು ಒಳಗಿನಿಂದಲೇ ಸಿಡಿಯುವುದು. ಮೊದಲು ಸರಳಿನ ಉದ್ದಕ್ಕೂ ಕೂದಲೆಳೆ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ಚಾವಣಿಯ ತಳದಿಂದ ಹೋಳು ಬೀಳುವುದು. ಹೋಳು ಬೀಳುವ ಹೊತ್ತಿಗೆ ಖರ್ಚು ಕೈ ಮೀರಿರುತ್ತದೆ.

ತಡೆಯುವ ದಾರಿಯಲ್ಲಿ ಹೊಸದೇನೂ ಇಲ್ಲ. ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ 45-50 ಮಿಲಿಮೀಟರ್ ಇರಲಿ. ಸರಳನ್ನು ಅಚ್ಚಿನಿಂದ ದೂರ ಹಿಡಿಯುವ ಬಿಲ್ಲೆಯ (ಕವರ್ ಬ್ಲಾಕ್) ಬದಲು ಜಲ್ಲಿ ಚೂರು ಸಿಕ್ಕಿಸುವುದನ್ನು ಕಂಡರೆ ಆ ದಿನ ಕಾಂಕ್ರೀಟ್ ಹಾಕಿಸಬೇಡಿ. ಸ್ಲ್ಯಾಗ್ ಬೆರೆಸಿದ ಸಿಮೆಂಟ್ ತಗೊಳ್ಳಿ. ಉಕ್ಕಿನ ಕಾರ್ಖಾನೆಯ ಉಳಿಕೆ ಅದು. ಅದರಿಂದ ಕ್ಲೋರೈಡ್ ಇಳಿಯುವುದೂ ನಿಧಾನ, ಸಿಮೆಂಟಿನ ಇಂಗಾಲದ ಹೊರೆಯೂ ಕಡಿಮೆ. ಆದರೆ ಗಟ್ಟಿಯಾಗಲು ಜಾಸ್ತಿ ದಿನ ಬೇಕು, ಕ್ಯೂರಿಂಗ್, ಅಂದರೆ ನೀರು ಹಾಕಿ ನೆನೆಸಿಡುವುದನ್ನು, ಬೇಗ ನಿಲ್ಲಿಸುವ ಹಾಗಿಲ್ಲ. ಕಲಸಲು ಮತ್ತು ಕ್ಯೂರಿಂಗಿಗೆ ಉಪ್ಪುನೀರು, ಗಾರೆಗೆ ತೊಳೆಯದ ಸಮುದ್ರದ ಮರಳು, ಇವೆರಡೂ ಬೇಡವೇ ಬೇಡ. ಹೊರಗಿನ ಉಪ್ಪನ್ನು ತಡೆಯಲು ಇಷ್ಟೆಲ್ಲ ಮಾಡಿ, ಒಳಗೆ ನಾವೇ ಹಾಕಿದಂತಾಗುತ್ತದೆ.

ಇನ್ನೂ ಒಳ್ಳೆಯದು, ಸರಳನ್ನೇ ಆದಷ್ಟು ಕಡಿಮೆ ಮಾಡುವುದು. ಒಂದೇ ಅಂತಸ್ತು, ಭಾರ ಹೊರುವ ಗೋಡೆ, ಸುಣ್ಣದ ಗಾರೆ. ಭೂಕಂಪದ ಭಯ ಇರುವ ಕಡೆ ಗೋಡೆಯ ಸುತ್ತ ಸರಳು ಹಾಕಿದ ಕಾಂಕ್ರೀಟ್ ಪಟ್ಟಿಗಳು ಬೇಕೇ ಬೇಕು, ಅದನ್ನು ಎಂಜಿನಿಯರ್ ಲೆಕ್ಕ ಹಾಕಲಿ. ಕಂಬದ ಮೇಲೆ ಮನೆ ಎಂದರೆ ಅಷ್ಟೂ ಕಬ್ಬಿಣ ಉಪ್ಪುಗಾಳಿಯ ದಾರಿಯಲ್ಲೇ ನಿಂತ ಹಾಗೆ.

ಸುಮ್ನೆ ಓದುವವ

ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಮುಗೀತಲ್ವಾ?

ಉಪ್ಪುಗಾಳಿ

ಯಾವ ಸ್ಟೇನ್‌ಲೆಸ್ ಅನ್ನೋದರ ಮೇಲೆ ಹೋಗುತ್ತೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 304. ಕಡಲ ಪಕ್ಕ ಬೇಕಿರುವುದು 316, ಅದರಲ್ಲಿ 2-3% ಮಾಲಿಬ್ಡಿನಮ್ ಇರುತ್ತದೆ. ಹಾಗಿದ್ದೂ 316ರ ಮೇಲೆ ಕಂದು ಕಲೆ ಬರಬಹುದು. ಒಂದು ವಿಚಿತ್ರ ಗಮನಿಸಿ: ಮಳೆಗೆ ನೆನೆಯುವ ಕಂಬಿಗಿಂತ ಸೂರಿನ ಕೆಳಗೆ ಒಣಗಿ ನಿಂತ ಕಂಬಿಯೇ ಬೇಗ ಕೆಡುತ್ತದೆ. ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಸೂರಿನ ಕೆಳಗೆ ತೊಳೆಯುವವರಿಲ್ಲ. ಜಗುಲಿಯ ಹಿಡಿಕೆ, ಕಿಟಕಿಯ ತಿರುಗಣಿ, ಫ್ಯಾನಿನ ಕೊಕ್ಕೆ, ಇವನ್ನೆಲ್ಲ ಆಗಾಗ ಸಿಹಿನೀರಿನ ಬಟ್ಟೆಯಲ್ಲಿ ಒರೆಸಬೇಕು. ಹಿಡಿಕೆಗೆ ನಾನಾದರೆ ಮರ ಹಾಕಿಸುತ್ತೇನೆ. ಬಿಸಿಲಿಗೆ ಕೈ ಸುಡುವುದಿಲ್ಲ, ಚಳಿಗೆ ಕೊರೆಯುವುದಿಲ್ಲ.

ಹಳೇ ತಾರಸಿ

ನಾನು ಆರ್ಕಿಟೆಕ್ಟ್. ಕಂಬದ ಮಾತು ಬಂತು, ಅದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ.

ನೀರು ನುಗ್ಗೀತೆಂದು ನೆಲವನ್ನು 1.5 ಮೀಟರ್ ಎತ್ತಿದಿರಿ ಅನ್ನಿ. ಗಾಲಿಕುರ್ಚಿಯ ಇಳಿಜಾರು 1ಕ್ಕೆ 12ಕ್ಕಿಂತ ಕಡಿದಾಗಿರಬಾರದು. ಪ್ರತಿ ಮೀಟರ್ ಏರಿಗೆ 12 ಮೀಟರ್ ಉದ್ದ, ಅಂದರೆ 18 ಮೀಟರ್ ಇಳಿಜಾರು, ನಡುವೆ ನಿಂತು ಉಸಿರು ತಗೊಳ್ಳುವ ಸಮತಟ್ಟು ಸೇರಿದರೆ 20 ದಾಟುತ್ತದೆ. ಇದು ಒಂದು ಮನೆಗೆ. ಇಪ್ಪತ್ತು ಮನೆಗೆ ಹೀಗೆ ಮಾಡಿದರೆ ಜಾಗ ತುಂಬಾ ಇಳಿಜಾರೇ. ಅದಕ್ಕೇ ನಿಮ್ಮ ಆರ್ಕಿಟೆಕ್ಟ್ ಲಿಫ್ಟ್ ಬರೆದಿದ್ದಾರೆ. ಬಿರುಗಾಳಿ ಬಂದ ದಿನ ಮೊದಲು ಹೋಗುವುದು ಕರೆಂಟು. ಲಿಫ್ಟ್ ನಿಂತರೆ ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಜೊತೆಗೆ ಉಪ್ಪುಗಾಳಿಯಲ್ಲಿ ಲಿಫ್ಟಿನ ಬಾಗಿಲು, ಹಗ್ಗ, ಬೋರ್ಡು ಎಲ್ಲಕ್ಕೂ ಸರ್ವಿಸ್ ಜಾಸ್ತಿ.

ಬೇರೆ ದಾರಿ ಇದೆ. ಮನೆ ಎತ್ತುವ ಬದಲು ಎತ್ತರದ ನೆಲ ಹುಡುಕಿ. ಅದು ಸಿಗದಿದ್ದರೆ ನೀರು ಹರಿಯುವ ದಾರಿ ಮುಚ್ಚದಂತೆ ಒಂದು ಕಡೆ ಮಣ್ಣು ಏರಿಸಿ ಎಲ್ಲ ಮನೆಗೂ ಒಂದೇ ಮಟ್ಟ ಮಾಡಿ. ಅಲ್ಲಿಗೆ ಹೋಗಲು 1ಕ್ಕೆ 20ರ ದಾರಿ. ಅದು 30 ಮೀಟರ್ ಆಗುತ್ತದೆ ನಿಜ, ಆದರೆ ಕಾಲಿಗೆ ಏರು ಅಂತ ಅನ್ನಿಸುವುದೇ ಇಲ್ಲ. ಅದೇ ತೋಟದ ನಡುವಿನ ಕಾಲುದಾರಿ, ಎಲ್ಲರೂ ದಿನಾ ಓಡಾಡುವ ದಾರಿ. ಅಲ್ಲಲ್ಲಿ ಕೈ ಇರುವ ಬೆಂಚು ಹಾಕಿ. ಕೈ ಇಲ್ಲದ ಬೆಂಚಿನಿಂದ ಏಳಲು ಎಷ್ಟು ಕಷ್ಟ ಅಂತ ಮೊಣಕಾಲು ನೋವಿರುವವರನ್ನು ಕೇಳಿ.

ಮರಳುಗುಡ್ಡ

ಜಾಗವನ್ನು ಒಮ್ಮೆ ನೋಡಿದರೆ ಸಾಲದು, ಸಮುದ್ರದ ನಡವಳಿಕೆಯನ್ನೂ ನೋಡಬೇಕು. ಹಳೆಯ ಉಪಗ್ರಹ ಚಿತ್ರಗಳು ಈಗ ಯಾರಿಗಾದರೂ ಸಿಗುತ್ತವೆ. ಹಿಂದೆ ದಡ ಎಲ್ಲಿತ್ತು, ಈಗ ಎಲ್ಲಿದೆ ಅಂತ ಒಂದರ ಮೇಲೊಂದು ಇಟ್ಟು ನೋಡಿ. 1901ರಿಂದ 2018ರ ನಡುವೆ ಪ್ರಪಂಚದ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರುವ ವೇಗವೂ ಹೆಚ್ಚುತ್ತಿದೆ: 2006-2018ರಲ್ಲಿ ವರ್ಷಕ್ಕೆ 3.7 ಮಿಲಿಮೀಟರ್. ಹೊಗೆ ಉಗುಳುವುದು ತುಂಬಾ ಹೆಚ್ಚುತ್ತಾ ಹೋದರೆ ಈ ಶತಮಾನದ ಕೊನೆಗೆ 0.63ರಿಂದ 1.01 ಮೀಟರ್ ಏರಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಮಂಡಳಿ ಐಪಿಸಿಸಿಯ 2021ರ ವರದಿ ಹೇಳುತ್ತದೆ. ಮನೆಗೆ ತೊಂದರೆ ಕೊಡುವುದು ಸರಾಸರಿ ಅಲ್ಲ ಬಿಡಿ, ಆ ಎತ್ತರದ ಮೇಲೆ ನಿಂತು ಬರುವ ಬಿರುಗಾಳಿಯ ಅಲೆ.

ತಡೆಗೋಡೆ ಕಟ್ಟಿಸಿಬಿಡೋಣ ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಗೋಡೆಗೆ ಬಡಿದ ಅಲೆ ವಾಪಸ್ ಹೋಗುವಾಗ ಬುಡದ ಮರಳನ್ನೇ ಕೆದಕಿಕೊಂಡು ಹೋಗುತ್ತದೆ. ನಿಮ್ಮ ಗೋಡೆ ಮುಗಿಯುವ ಕಡೆ ಪಕ್ಕದವರ ದಡ ಕೊರೆಯಲು ಶುರುವಾಗುತ್ತದೆ. ಮರಳ ದಿಬ್ಬ, ಅದರ ಮೇಲಿನ ಬಳ್ಳಿ, ಹುಲ್ಲು ಹಾಗೇ ಇರಲಿ. ನೋಟಕ್ಕೆ ಅಡ್ಡ ಅಂತ ದಿಬ್ಬ ಸಪಾಟು ಮಾಡುವವರನ್ನು ನೋಡಿದರೆ ನನಗೆ ತಡೆಯದ ಸಿಟ್ಟು ಬರುತ್ತದೆ.

ಹಿಂದೆ ಸರಿದು ಕಟ್ಟಿದಷ್ಟೂ ಲಾಭ. ಗಾಳಿಯಲ್ಲಿನ ಉಪ್ಪು ದಡದಿಂದ ಮೊದಲ ಕೆಲವು ನೂರು ಮೀಟರಿನಲ್ಲೇ ಜೋರಾಗಿ ಇಳಿದುಬಿಡುತ್ತದೆ.

ಕಡಲಂಚು

ಹಿಂದೆ ಸರಿದರೆ ಸಮುದ್ರ ಕಾಣಲ್ವಲ್ಲ! ಅದಕ್ಕೋಸ್ಕರ ತಾನೇ ಅಲ್ಲಿಗೆ ಹೋಗುತ್ತಿರುವುದು. ನಮ್ಮಲ್ಲಿ ಅರ್ಧ ಜನ ಗಾಜಿನ ಗೋಡೆ ಬಿಡಲು ತಯಾರಿಲ್ಲ.

ದಾದಿಯಕ್ಕ

ಹಿರಿಯರ ಆರೈಕೆಯಲ್ಲೇ ನನ್ನ ಕೆಲಸದ ಬಹುಪಾಲು ಕಳೆದಿದೆ. ಗಾಜಿನ ಬಗ್ಗೆ ನಾನು ಹೇಳುತ್ತೇನೆ.

ಅರವತ್ತರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರರಲ್ಲೊಂದು ಭಾಗ. ಬೆಳಕು ಜಾಸ್ತಿ ಬೇಕು, ಆದರೆ ಕಣ್ಣು ಕುಕ್ಕುವುದನ್ನು ತಡೆಯುವ ಶಕ್ತಿ ಕಡಿಮೆ. ಸಮುದ್ರದ ಮೇಲಿಂದ ಪ್ರತಿಫಲಿಸಿ ಬರುವ ಬಿಸಿಲು ನುಣುಪಾದ ನೆಲದ ಮೇಲೆ ಬಿದ್ದರೆ ಅದು ಒದ್ದೆಯೋ ಒಣಗಿದೆಯೋ, ಮೆಟ್ಟಿಲೋ ಸಮತಟ್ಟೋ ಗೊತ್ತಾಗುವುದಿಲ್ಲ. ಮರೆವಿನ ಕಾಯಿಲೆ ಇದ್ದವರು ಹೊಳೆಯುವ ಜಾಗವನ್ನು ನೀರು ಅಂದುಕೊಂಡು ಅಲ್ಲೇ ನಿಂತುಬಿಡುತ್ತಾರೆ. 65 ದಾಟಿದವರಲ್ಲಿ ವರ್ಷಕ್ಕೆ 28ರಿಂದ 35% ಜನ ಒಮ್ಮೆಯಾದರೂ ಬೀಳುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ನೋಟ ಬೇಕೆಂದರೆ ಗಾಜು ದೊಡ್ಡದಾಗಬೇಕಿಲ್ಲ, ಸರಿಯಾದ ಎತ್ತರದಲ್ಲಿ ಇರಬೇಕು. ಇದನ್ನು ಎಷ್ಟೋ ಕಟ್ಟಡಗಳಲ್ಲಿ ನೋಡಿದ್ದೇನೆ: ಬಾಲ್ಕನಿಗೆ ಒಂದು ಮೀಟರ್ ಎತ್ತರದ ಗಟ್ಟಿ ಗೋಡೆ. ನಿಂತವರಿಗೆ ಸಮುದ್ರ ಚೆನ್ನಾಗಿ ಕಾಣುತ್ತದೆ. ಕುರ್ಚಿಯಲ್ಲಿ ಕೂತವರ ಕಣ್ಣು ಇರುವುದು ನೆಲದಿಂದ 1.1-1.2 ಮೀಟರಿನಲ್ಲಿ, ಅವರಿಗೆ ಗೋಡೆಯ ಮೇಲಂಚು, ಅದರ ಮೇಲೆ ಸಮುದ್ರದ ಒಂದು ತೆಳು ಪಟ್ಟಿ, ಉಳಿದದ್ದೆಲ್ಲ ಆಕಾಶ. ಹಾಸಿಗೆಯಲ್ಲಿದ್ದವರಿಗೆ ಅದೂ ಇಲ್ಲ. ಮನೆಯಲ್ಲಿ ಸಮುದ್ರವನ್ನು ಜಾಸ್ತಿ ಹೊತ್ತು ನೋಡುವವರೇ ಕೂತವರು ಮತ್ತು ಮಲಗಿದವರು! ಕಿಟಕಿಯ ಕೆಳಗಟ್ಟೆ 60 ಸೆಂಟಿಮೀಟರಿಗೆ ಇಳಿಸಿ, ಸುರಕ್ಷತೆಗೆ ತೆಳು ಕಂಬಿ ಹಾಕಿ, ಹಾಸಿಗೆ ಎಲ್ಲಿ ಬರುತ್ತದೆ ಅಂತ ನಕ್ಷೆಯಲ್ಲೇ ಗುರುತಿಸಿ.

ಎಂಬತ್ತರ ಹತ್ತಿರ

ದಾದಿಯಕ್ಕ, ಸರಿಯಾಗಿ ಹೇಳಿದ್ರಿ. ನಾನು ಇಂಥದ್ದೇ ಒಂದು ಕಡೆ ಇದ್ದೇನೆ, ಸಮುದ್ರವೂ ಕಾಣುತ್ತದೆ. ಒಂದು ಮಾತು ಹೇಳಲಾ? ನನ್ನ ಕುರ್ಚಿ ಈಗ ಸಮುದ್ರದ ಕಡೆ ಇಲ್ಲ, ಹಿಂಬದಿಯ ದಾರಿಯ ಕಡೆ ಇದೆ. ಸಮುದ್ರ ನನ್ನನ್ನು ಮಾತಾಡಿಸಲ್ಲ. ದಾರಿಯಲ್ಲಿ ಹೋಗುವವರು ‘ಏನ್ ಸಾರ್, ಇವತ್ತು ವಾಕಿಂಗ್ ಇಲ್ವಾ’ ಅಂತಾರೆ. ಎರಡೂ ಕಡೆ ಕಿಟಕಿ ಇಟ್ಟುಕೊಳ್ಳಿ.

ಹಳೇ ತಾರಸಿ

ಎರಡೂ ಕಡೆ ಕಿಟಕಿ ಇಟ್ಟರೆ ಗಾಳಿಯೂ ಆರ್‌ಪಾರ್ ಆಗುತ್ತದೆ. ಹಗಲು ನೆಲ ಕಾದು ಗಾಳಿ ಸಮುದ್ರದಿಂದ ಒಳಕ್ಕೆ ಬೀಸುತ್ತದೆ, ರಾತ್ರಿ ತಿರುಗಿ ನೆಲದಿಂದ ಸಮುದ್ರಕ್ಕೆ. ಒಂದೇ ಕಡೆ ಗಾಜು ಇಟ್ಟು ಹಿಂದೆ ಮುಚ್ಚಿದ ಕಾರಿಡಾರ್ ಮಾಡಿದರೆ ಗಾಳಿ ಒಳಗೆ ಬರುವುದೇ ಇಲ್ಲ, ಹೊರಗೆ ಹೋಗಲು ದಾರಿ ಇದ್ದರೆ ತಾನೇ ಬರುವುದು.

ಸುಮ್ನೆ ಓದುವವ

ಗಾಳಿ, ಜಗುಲಿ ಎಲ್ಲಾ ಓಕೆ. ಆದ್ರೆ ಸೆಕೆಗಾಲದಲ್ಲಿ ಎಸಿ ಇಲ್ಲದೆ ವಯಸ್ಸಾದವರನ್ನ ಇಡೋದು ಕ್ರೂರ ಅಲ್ವಾ? ‘ಪರಿಸರ’ ಅಂತ ಅವರನ್ನ ಬೇಯಿಸ್ತೀರಾ?

ದಾದಿಯಕ್ಕ

ಪ್ರಶ್ನೆ ಸರಿಯಾಗೇ ಇದೆ. ವಯಸ್ಸಾದಂತೆ ಬೆವರು ಕಡಿಮೆ, ಬಾಯಾರಿಕೆಯೂ ಗೊತ್ತಾಗುವುದಿಲ್ಲ. 2003ರ ಬೇಸಿಗೆಯ ಬಿಸಿಗಾಳಿಗೆ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಹಿರಿಯರು. ಕಡಲ ಪಕ್ಕದ ತೇವದ ಗಾಳಿಯಲ್ಲಿ ನೀರಿನ ಕೂಲರ್ ಕೆಲಸಕ್ಕೆ ಬರುವುದಿಲ್ಲ. ಫ್ಯಾನ್ ಒಳ್ಳೆಯದೇ, ಮೈಗೆ ಎರಡು ಮೂರು ಡಿಗ್ರಿ ಇಳಿದಂತೆ ಅನ್ನಿಸುತ್ತದೆ. ಆದರೆ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಇನ್ನೂ ಬಿಸಿ ಮಾಡುತ್ತದೆ, ಆಗ ಹಾಕಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದರೆ ಇನ್ನೊಂದು ಕಡೆಯನ್ನೂ ನೋಡಿ. 2017ರಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾಕ್ಕೆ ಬಡಿದಾಗ ಒಂದು ಆರೈಕೆ ಮನೆಯ ಎಸಿ ನಿಂತುಹೋಯಿತು. ಎಸಿಯನ್ನೇ ನಂಬಿದ ಕಟ್ಟಡ. ಸೆಕೆಗೆ ಸಿಕ್ಕಿ 12 ಜನ ತೀರಿಕೊಂಡರು. ರಸ್ತೆಯ ಆಚೆ ಬದಿಯಲ್ಲೇ ಕರೆಂಟಿದ್ದ ಆಸ್ಪತ್ರೆ ಇತ್ತು.

ಹಾಗಾಗಿ ನನ್ನ ಮಾತು: ಮನೆಗಳು ಕಿಟಕಿ ತೆರೆದರೆ ಬದುಕುವಂತಿರಲಿ. ಎಲ್ಲರಿಗೂ ಸೇರಿದ ದೊಡ್ಡ ಮನೆಯಲ್ಲಿ ಒಂದು ಗಟ್ಟಿ ಕೋಣೆ ಇರಲಿ, ಚೆನ್ನಾಗಿ ನೆರಳು, ಶಾಖ ತಡೆಯುವ ಚಾವಣಿ, ಎಸಿ. ಸೋಲಾರ್ ಮತ್ತು ಬ್ಯಾಟರಿಯ ಮೊದಲ ಹಕ್ಕು ಆ ಕೋಣೆಗೆ. ಇನ್ಸುಲಿನ್ ಇಡುವ ಫ್ರಿಜ್, ಆಮ್ಲಜನಕದ ಯಂತ್ರದ ಪ್ಲಗ್ ಎಲ್ಲ ಅಲ್ಲೇ. ತೀರಾ ಸೆಕೆಯ ದಿನ ಎಲ್ಲರೂ ಅಲ್ಲಿ ಕೂರುವುದು, ಬಿರುಗಾಳಿಯ ರಾತ್ರಿ ಅಲ್ಲೇ ಮಲಗುವುದು. ಇಪ್ಪತ್ತು ಎಸಿ ನೋಡಿಕೊಳ್ಳುವ ಬದಲು ಒಂದನ್ನು ನೋಡಿಕೊಂಡರೆ ಆಯಿತು.

ಕಡಲಂಚು

ಇದು ನಮಗೆ ಹೊಳೆದೇ ಇರಲಿಲ್ಲ. ಎಲ್ಲರ ಮನೆ ಅಂದರೆ ಊಟ, ಹರಟೆ ಅಷ್ಟೇ ಅಂದುಕೊಂಡಿದ್ದೆವು. ಅದನ್ನು ಎಲ್ಲಿ ಇಡಬೇಕು? ನಕ್ಷೆಯಲ್ಲಿ ಅದು ಸಮುದ್ರದ ತುದಿಯಲ್ಲಿದೆ.

ಹಳೇ ತಾರಸಿ

ತುದಿಯಲ್ಲಿ ಇಟ್ಟರೆ ಅದಕ್ಕೆ ‘ಹೋಗಬೇಕು’. ಮೊಣಕಾಲು ನೋವಿದ್ದ ದಿನ ಹೋಗಲ್ಲ, ಮಳೆ ಬಂದರೆ ಹೋಗಲ್ಲ, ಆಮೇಲೆ ಹೋಗದಿರುವುದೇ ರೂಢಿಯಾಗುತ್ತದೆ. ಗೇಟಿನಿಂದ ಮನೆಗೆ ಹೋಗುವ ದಾರಿಯಲ್ಲೇ ಇಡಿ. ಅಂಚೆ ಡಬ್ಬ, ಬಟ್ಟೆ ಒಗೆಯುವ ಯಂತ್ರ, ಸಾಮಾನು ಇಳಿಸುವ ಕಟ್ಟೆ ಅಲ್ಲೇ ಇರಲಿ. ಡೆನ್ಮಾರ್ಕಿನಲ್ಲಿ ವಾಸ್ತುಶಿಲ್ಪಿ ಯಾನ್ ಗುಡ್‌ಮನ್ ಹೋಯರ್ 1960ರ ದಶಕದಲ್ಲಿ ಈ ಕೂಡುಬಾಳಿನ ಯೋಚನೆ ಶುರು ಮಾಡಿದರು, 1972ರಲ್ಲಿ ಸೆಟ್ಟೆಡಾಮೆನ್ ಅನ್ನುವಲ್ಲಿ ಮೊದಲನೆಯದು ಎದ್ದಿತು. ಅಂದಿನಿಂದ ಇಂಥ ಕಡೆಗಳಲ್ಲಿ ಹೆಚ್ಚು ಕಡಿಮೆ ಇದೇ ಸೂತ್ರ: ಕಾರು ಅಂಚಿನಲ್ಲಿ ನಿಲ್ಲಿಸಿ, ಎಲ್ಲರಿಗೂ ಸೇರಿದ ಮನೆಯ ಮುಂದೆಯೇ ನಡೆದು ಹೋಗಿ.

ಸ್ಟಾಕ್‌ಹೋಮಿನ ಫೆರ್ಡ್‌ಕ್ನೆಪ್ಪೆನ್ 1993ರದು. ಮಕ್ಕಳು ಬೆಳೆದು ಹೊರಟ ಮೇಲಿನ ಬದುಕಿಗೇ ಕಟ್ಟಿದ್ದು, 43 ಮನೆಗಳು. ಒಂದೊಂದು ಮನೆಯ ಅಳತೆ ಸ್ವಲ್ಪ ಕುಗ್ಗಿಸಿ ಆ ಜಾಗವನ್ನು ಎಲ್ಲರಿಗೆ ಸೇರಿಸಿದ್ದಾರೆ. ಅಡುಗೆ ಸರದಿಯಲ್ಲಿ. ಕಟ್ಟಡದ ಚಿಕ್ಕಪುಟ್ಟ ಕೆಲಸವೂ ನಿವಾಸಿಗಳದೇ. ಅತಿಥಿಗಳ ಕೋಣೆ ಪ್ರತಿ ಮನೆಯಲ್ಲಿ ಬೇಡ, ಎಲ್ಲರಿಗೂ ಸೇರಿ ಎರಡು ಮೂರು ಇದ್ದರೆ ಸಾಕು. ಕಟ್ಟದೇ ಉಳಿಸಿದ ಚದರಕ್ಕೆ ಸಿಮೆಂಟೂ ಬೇಡ, ತುಕ್ಕೂ ಇಲ್ಲ.

ಎಂಬತ್ತರ ಹತ್ತಿರ

ಸರದಿ ಅಡುಗೆ ಕೇಳಲು ಚೆಂದ. ನಮ್ಮಲ್ಲಿ ಎರಡು ಬಣವಾಯಿತು, ಉಪ್ಪಿನ ವಿಷಯಕ್ಕೇ! ಪ್ರತಿ ಮನೆಗೂ ಚಿಕ್ಕದೊಂದು ಅಡುಗೆಕಟ್ಟೆ ಇರಲೇಬೇಕು. ಯಾರ ಜೊತೆಗೂ ಮಾತು ಬೇಡ ಅನ್ನಿಸುವ ದಿನಗಳೂ ಇರುತ್ತವೆ.

ದಾದಿಯಕ್ಕ

ಹೌದು, ಬಾಗಿಲು ಹಾಕಿಕೊಳ್ಳುವ ಹಕ್ಕು ಇದ್ದರೆ ತೆರೆಯುವ ಮನಸ್ಸೂ ಬರುತ್ತದೆ. ಆದರೆ ಅಡುಗೆಕಟ್ಟೆಯ ಕಿಟಕಿ ದಾರಿಯ ಕಡೆ ಇರಲಿ. ‘ಇವತ್ತು ಆ ಮನೆಯ ಪರದೆ ಸರಿದಿಲ್ಲವಲ್ಲ’ ಅಂತ ಯಾರಿಗಾದರೂ ಕಾಣಬೇಕು. 1995ರ ಜುಲೈನಲ್ಲಿ ಶಿಕಾಗೋದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ತುಂಬಾ ಜನ ಒಂಟಿಯಾಗಿದ್ದ ಹಿರಿಯರು.

ಮರಳುಗುಡ್ಡ

ನೀರಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಕಡಲ ಪಕ್ಕ ನೆಲದೊಳಗಿನ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು. ಇದು ನೂರು ವರ್ಷಕ್ಕೂ ಹಳೆಯ ಲೆಕ್ಕ, ಗೈಬೆನ್-ಹರ್ಜ್‌ಬರ್ಗ್ ಸೂತ್ರ ಅನ್ನುತ್ತಾರೆ. ತಿರುಗಿಸಿ ಓದಿದರೆ ಎದೆ ಝಲ್ ಅನ್ನುತ್ತೆ: ಪಂಪು ಹಾಕಿ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ, ಕಾಲಕ್ರಮದಲ್ಲಿ ಉಪ್ಪುನೀರು 20 ಮೀಟರ್ ಮೇಲೇರಬಹುದು. ಒಮ್ಮೆ ಉಪ್ಪಾದ ಬಾವಿ ಸುಲಭಕ್ಕೆ ಸಿಹಿಯಾಗಲ್ಲ. ಆಳದ ಬೋರ್ ಬೇಡ. ಚಾವಣಿಯ ನೀರು ಹಿಡಿಯಿರಿ, ಮೊದಲ ಮಳೆಯನ್ನು ಹೊರಗೆ ಬಿಡಿ, ಅದರಲ್ಲಿ ಉಪ್ಪು, ಧೂಳು ಎಲ್ಲಾ ಇರುತ್ತದೆ.

ಸುಮ್ನೆ ಓದುವವ

ಚಾವಣಿ ಹೆಂಚಿನದ್ದಾ, ತಾರಸಿಯಾ? ಅಗಲ ಸೂರು ಬಿಟ್ಟರೆ ಬಿರುಗಾಳಿಗೆ ಹಾರಿಹೋಗಲ್ವಾ?

ಹಳೇ ತಾರಸಿ

ಹಾರುತ್ತದೆ, ಅದಕ್ಕೇ ಒಂದು ಉಪಾಯ ಮಾಡುತ್ತಾರೆ. ಜಗುಲಿಯ ಮಾಡು (ಚಾವಣಿ) ಮನೆಯ ಮಾಡಿನ ಮುಂದುವರಿಕೆ ಆಗಬಾರದು, ಅದು ಬೇರೆಯೇ ಇರಬೇಕು. ಗಾಳಿ ಕೆಳಗಿನಿಂದ ನುಗ್ಗಿ ಜಗುಲಿಯ ಮಾಡನ್ನು ಎತ್ತಿದರೂ ಮನೆಯ ಮಾಡು ಉಳಿಯುತ್ತದೆ. ಮನೆಯ ಮಾಡು ನಾಲ್ಕೂ ಕಡೆ ಇಳಿಜಾರಿರಲಿ, ಎರಡೇ ಕಡೆ ಇಳಿಜಾರಿರುವ ಮಾಡಿಗಿಂತ ಗಾಳಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಹೆಂಚಾದರೆ ಪ್ರತಿಯೊಂದನ್ನೂ ಕಟ್ಟಬೇಕು. ಕಟ್ಟುವ ತಂತಿಯ ವಿಷಯ ಉಪ್ಪುಗಾಳಿ ಅವರಿಗೆ ಬಿಡುತ್ತೇನೆ, ಅವರು ಬೈಯುವ ಮೊದಲು.

ಉಪ್ಪುಗಾಳಿ

316. ಬೇರೆ ಏನೂ ಹೇಳಲ್ಲ. ಹಾಂ, ಸೋಲಾರ್ ಪ್ಯಾನೆಲ್ ತಗೊಳ್ಳುವಾಗ ಉಪ್ಪುಮಂಜಿನ ಪರೀಕ್ಷೆ, ಅಂದರೆ ಐಇಸಿ 61701, ಆಗಿದೆಯಾ ಕೇಳಿ. ಪ್ಯಾನೆಲಿಗಿಂತ ಮೊದಲು ಕೆಡುವುದು ಅದನ್ನು ಹಿಡಿದ ಚೌಕಟ್ಟು. ಏಣಿ ಹತ್ತದೆ ತೊಳೆಯುವ ಜಾಗದಲ್ಲಿ ಇಡಿ. ಎಂಬತ್ತರಲ್ಲಿ ಚಾವಣಿ ಹತ್ತುವವರು ಯಾರು?

ಮರಳುಗುಡ್ಡ

ರಾತ್ರಿ ದೀಪದ ಬಗ್ಗೆ ಒಂದು ಮಾತು. ಆಮೆಗಳು ಮೊಟ್ಟೆ ಇಡುವ ದಡವಾದರೆ ಬೆಳ್ಳನೆ ದೀಪ ಕಂಡು ಮರಿಗಳು ಸಮುದ್ರದ ಬದಲು ನಿಮ್ಮ ಗೇಟಿನ ಕಡೆ ಬರುತ್ತವೆ. ದಾರಿಯ ದೀಪ ಮೊಣಕಾಲೆತ್ತರಕ್ಕೆ, ಕೆಳಮುಖವಾಗಿ, ಹಳದಿ-ಕೆಂಪು ಬಣ್ಣದಲ್ಲಿ ಇರಲಿ.

ದಾದಿಯಕ್ಕ

ನಮಗೂ ಅದೇ ಬೇಕು. ಎತ್ತರದ ದೀಪ ಕಣ್ಣಿಗೆ ಹೊಡೆಯುತ್ತದೆ, ಕಾಲ ಬುಡ ಕಾಣುವುದಿಲ್ಲ. ಅಪರೂಪಕ್ಕೆ ಆಮೆಯೂ ಅಜ್ಜಿಯೂ ಒಂದೇ ಪಕ್ಷ.

ಕಡಲಂಚು

ಆರ್ಕಿಟೆಕ್ಟ್ ಜೊತೆ ಮಾತಾಡಿದೆ. ಲಿಫ್ಟ್, ಕಂಬ ತೆಗೆದರೆ ನಕ್ಷೆ ಮೊದಲಿನಿಂದ ಮಾಡಬೇಕು ಅಂದರು. ಮಾಡಿ ಅಂದೆ. ಗಾಜಿನ ಗೋಡೆಯ ವಿಷಯ ಗುಂಪಿನಲ್ಲಿ ಇನ್ನೂ ಎಳೆದಾಟದಲ್ಲಿದೆ. ಹೀಗೇ ಮಾತಾಡುತ್ತಾ ಕಾಲ ಹೋಗಿಬಿಡುತ್ತೇನೋ ಅಂತ ಒಬ್ಬರಿಗೆ ಚಿಂತೆ.

ಹಳೇ ತಾರಸಿ

ಅವರ ಚಿಂತೆ ಸುಮ್ನೆ ಅಲ್ಲ. ಲಂಡನ್ನಿನ ನ್ಯೂ ಗ್ರೌಂಡ್, ಐವತ್ತು ದಾಟಿದ ಹೆಂಗಸರು ಸೇರಿ ಮಾಡಿಕೊಂಡ 25 ಮನೆಗಳು. ಗುಂಪು ಶುರುವಾದದ್ದು 1998ರಲ್ಲಿ, ಒಳಗೆ ಹೋದದ್ದು 2016ರಲ್ಲಿ. ಅಷ್ಟು ಎಳೆಯಬೇಡಿ. ಗಾಜಿನ ಜಗಳ ಪಕ್ಕಕ್ಕಿಟ್ಟು ಮೊದಲು ಜಾಗದ ಲೆವೆಲ್ ಸರ್ವೆ ಮಾಡಿಸಿ. ಎಲ್ಲಿ ಎಷ್ಟು ಎತ್ತರ ಗೊತ್ತಾಗದೆ ಯಾವ ಗೆರೆ ಎಳೆದರೂ ದಂಡ.

ಮರಳುಗುಡ್ಡ

ಮುಂಗಡ ಕೊಡುವ ಮೊದಲು ಅಲ್ಲಿನ ಬಾವಿ ನೀರನ್ನು ಬೇಸಿಗೆಯ ಕೊನೆಗೆ ಪರೀಕ್ಷೆ ಮಾಡಿಸಿ. ಮಾರುವವರು ಮಳೆ ಮುಗಿದ ಮೇಲೆ ಕರೆದು ಕುಡಿಸುತ್ತಾರೆ, ಆಗ ಎಲ್ಲ ಬಾವಿಯೂ ಸಿಹಿಯೇ.